ಕ್ಯಾನ್ಸರ್ ಮುಚ್ಚಿಟ್ಟು ಪ್ರಯಾಣ ವಿಮೆ ಮಾಡಿಸಬೇಡಿ

ವಿಮೆ ಕ್ಲೇಮಿನ ಕಾಗದಪತ್ರ ನೋಡುವುದೇ ನನ್ನ ಕೆಲಸ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಎಂದು ಊರಿನ ಹೆಸರು ಮಾತ್ರ ಬದಲಾಗುತ್ತದೆ, ಬರುವ ಪ್ರಶ್ನೆ ಅದೇ. ಏಜೆಂಟರು ಕೊಡುವ ಸಲಹೆಯೂ ಅದೇ: "ಕ್ಯಾನ್ಸರ್ ಅಂತ ಬರೀಲೇಬೇಡಿ." ಕೇಳಿ ಕೇಳಿ ಸಿಟ್ಟು ಬಂದಿದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ಅಮ್ಮನಿಗೆ 61 ವರ್ಷ. ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ಅಷ್ಟೆ. ಅಣ್ಣ ಶಾರ್ಜಾದಲ್ಲಿದ್ದಾನೆ, ಅತ್ತಿಗೆಗೆ ಹೆರಿಗೆ. ಒಂದು ತಿಂಗಳಿಗೆ ಅಮ್ಮನನ್ನು ಕರೆಸಿಕೊಳ್ಳಬೇಕಂತೆ. ಒಂದು ಕಂಪೆನಿ ಆಗುವುದಿಲ್ಲ ಎಂದಿತು, ಇನ್ನೊಂದರ ಪ್ರೀಮಿಯಂ ನಮಗೆ ಎಟಕುವುದಿಲ್ಲ. ಏಜೆಂಟರು "ಚಿಕಿತ್ಸೆ ಮುಗಿದಿದೆಯಲ್ಲ, ಕಾಯಿಲೆ ಇಲ್ಲ ಅಂತ ಟಿಕ್ ಹಾಕಿ" ಅನ್ನುತ್ತಾರೆ. ಹಾಕಬಹುದಾ? (ಬದಿಯಡ್ಕ)

ಹಾಕಬೇಡಿ. ಮೊದಲನೆಯದಾಗಿ ಚಿಕಿತ್ಸೆ ಮುಗಿದಿಲ್ಲ. ಲೆಟ್ರೊಜೋಲ್ ವಿಟಮಿನ್ ಮಾತ್ರೆ ಅಲ್ಲ, ಕ್ಯಾನ್ಸರ್ ಮರಳದಿರಲಿ ಎಂದು ಸಾಮಾನ್ಯವಾಗಿ ಐದು ವರ್ಷ ಕೊಡುವ ಮದ್ದು. ಮಾಮೂಲಿ ಆರೋಗ್ಯ ವಿಮೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ, ಇಲ್ಲವೇ ವೈದ್ಯರು ಚಿಕಿತ್ಸೆ ಕೊಟ್ಟ ಕಾಯಿಲೆ ಎಲ್ಲ "ಮೊದಲೇ ಇದ್ದ ಕಾಯಿಲೆ". 2024ರ ಮೊದಲು ಇದು 48 ತಿಂಗಳಿತ್ತು. ವಿದೇಶ ಪ್ರಯಾಣ ವಿಮೆಯಲ್ಲಾದರೆ ಎಷ್ಟು ಹಿಂದಿನದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ಆ ಪಾಲಿಸಿಯಲ್ಲೇ ನೋಡಬೇಕು. ಅಮ್ಮ ಈ ಬೆಳಿಗ್ಗೆಯೂ ಮಾತ್ರೆ ನುಂಗಿದ್ದಾರೆ, ಅಲ್ವಾ? ಮತ್ತೆ ಲೆಕ್ಕ ಹಾಕುವುದೇನುಂಟು? ಇನ್ನು ಫಾರ್ಮಿನಲ್ಲಿ "ಯಾವತ್ತಾದರೂ ಕ್ಯಾನ್ಸರ್ ಬಂದಿತ್ತೇ" ಎಂದು ಕೇಳಿದ್ದರೆ 36 ತಿಂಗಳ ಮಾತೂ ಇಲ್ಲ. ಹತ್ತು ವರ್ಷ ಹಿಂದಿನದಾದರೂ "ಹೌದು" ಎಂದೇ ಬರೆಯಬೇಕು.

ಮುಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರಿಗೆ ಒಂದು ಮಾತು. ಅಮ್ಮ ಅಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು ಎಂದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಮೊದಲು ಕೇಳುವುದೇ ಹಿಂದಿನ ಆಪರೇಷನ್, ಈಗಿನ ಮದ್ದು. ಅಮ್ಮ ಸುಳ್ಳು ಹೇಳುವವರಲ್ಲ, ಹೇಳಲೂಬಾರದು. ಕೇಸ್ ಶೀಟಿನ ಮೊದಲ ಸಾಲಿನಲ್ಲೇ ಸ್ತನ ಕ್ಯಾನ್ಸರ್, ಆಪರೇಷನ್ ಆದ ವರ್ಷ, ಲೆಟ್ರೊಜೋಲ್ 2.5 ಮಿಲಿಗ್ರಾಂ ಎಲ್ಲ ಬರುತ್ತದೆ. ಕ್ಲೇಮ್ ನೋಡುವವರು ಬಿಲ್ಲಿಗಿಂತ ಮೊದಲು ಓದುವುದು ಆ ಸಾಲನ್ನು. ಆಮೇಲೆ ನಿಮ್ಮ ಫಾರ್ಮ್ ತೆಗೆದು ನೋಡುತ್ತಾರೆ, ಅಲ್ಲಿ "ಇಲ್ಲ" ಎಂದಿದೆ. ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಪಾಲಿಸಿಯೇ ರದ್ದಾಗಬಹುದು. ಮುರಿದ ಕೈಗೂ ಕ್ಯಾನ್ಸರಿಗೂ ಸಂಬಂಧ ಇಲ್ಲ ಎಂದು ವಾದ ಮಾಡಿ ನೋಡಿ, ದಾರಿ ಬಲು ಉದ್ದ. ಆ ಹೊತ್ತಿಗೆ ಏಜೆಂಟರು ಫೋನ್ ಎತ್ತುವುದಿಲ್ಲ. ಫಾರ್ಮಿನ ಕೆಳಗೆ ಸಹಿ ಇರುವುದು ಅಮ್ಮನದ್ದು.

ಹಾಗಾದರೆ ಕಡಿಮೆ ಖರ್ಚಿನ ದಾರಿ ಯಾವುದು? "ಕ್ಯಾನ್ಸರನ್ನೂ ಪೂರ್ತಿ ಕವರ್ ಮಾಡುವ ಅಗ್ಗದ ಪಾಲಿಸಿ" ಹುಡುಕುವುದನ್ನು ಬಿಟ್ಟುಬಿಡಿ. ಕಾಯಿಲೆ ಇದೆ ಎಂದು ಬರೆದು, ಅದನ್ನು ಹೊರಗಿಟ್ಟು ಉಳಿದದ್ದಕ್ಕೆಲ್ಲ ರಕ್ಷಣೆ ಕೊಡುವ ಪಾಲಿಸಿ ಕೇಳಿ. ಬೀಳುವುದು, ಅಪಘಾತ, ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರುವುದು, ಅಪೆಂಡಿಕ್ಸ್, ಇವೆಲ್ಲ ಅದರಲ್ಲಿ ಬರುತ್ತವೆ. ಕೆಲವು ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಯಿಂದ ಜೀವಕ್ಕೇ ಅಪಾಯ ಬಂದರೆ, ಅದು ತಪ್ಪುವವರೆಗಿನ ಚಿಕಿತ್ಸೆಗೆ ಒಂದು ಮಿತಿಯೊಳಗೆ ಹಣ ಸಿಗುತ್ತದೆ. ಆ ಮಿತಿ ಎಷ್ಟು, ಕ್ಯಾನ್ಸರಿಗೂ ಅನ್ವಯವಾಗುತ್ತದೆಯೇ ಎಂದು ಇಮೇಲ್ ಮಾಡಿ ಕೇಳಿ. ಉತ್ತರ ಬರಹದಲ್ಲೇ ಬರಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಆಮೇಲೆ ಪ್ರೀಮಿಯಂ ಇಳಿಸಿ. ಯುಎಇಗೆ ಹೋಗುವವರಿಗೆ ಅಮೆರಿಕ, ಕೆನಡಾ ಸೇರಿದ ಪ್ಲಾನ್ ಯಾಕೆ? ಸುಮ್ನೆ ದುಡ್ಡು ದಂಡ. ಹೋಗಿ ಬರುವ ದಿನಕ್ಕೆ ಸರಿಯಾಗಿ ಮಾಡಿಸಿ, ಬೇಕಾದರೆ ಒಂದೆರಡು ದಿನ ಜಾಸ್ತಿ ಇರಲಿ. ನಿಮ್ಮ ಕೈಯಿಂದ ಮೊದಲು ಹಾಕುವ ಮೊತ್ತ, ಅಂದರೆ ಡಿಡಕ್ಟಿಬಲ್, ಸ್ವಲ್ಪ ಹೆಚ್ಚಿದ್ದರೆ ಪ್ರೀಮಿಯಂ ಇಳಿಯುತ್ತದೆ. ಬ್ಯಾಗ್ ಕಳೆದರೆ ಎಷ್ಟು ಕೊಡುತ್ತಾರೆ ಎಂದು ನೋಡುತ್ತಾ ಕೂರಬೇಡಿ, ಆಸ್ಪತ್ರೆ ಖರ್ಚಿನ ಮಿತಿ ನೋಡಿ. ಟಿಕೆಟ್ ಮಾತ್ರ ದಿನ ಬದಲಾಯಿಸಲು ಬರುವಂಥದ್ದು ತೆಗೆಯಿರಿ. ಕ್ಯಾನ್ಸರಿನ ತೊಂದರೆಯೇ ಕಾಣಿಸಿಕೊಂಡರೆ ಅಲ್ಲಿ ತುರ್ತಿಗೆ ಬೇಕಾದಷ್ಟು ಮಾಡಿಸಿ, ಪ್ರಯಾಣ ಮಾಡಬಹುದು ಎಂದು ಡಾಕ್ಟರ್ ಹೇಳಿದ ಕೂಡಲೇ ಮಂಗಳೂರಿಗೋ ಕಣ್ಣೂರಿಗೋ ವಿಮಾನ ಹತ್ತಿಸಿ. ಕೊಲ್ಲಿಯಿಂದ ಊರು ಕೆಲವೇ ಗಂಟೆಯ ದಾರಿ. ಆ ಒಂದು ಖರ್ಚಿಗೆ ಅಣ್ಣ ಬೇರೆಯೇ ಹಣ ತೆಗೆದಿಡಲಿ. ಇದು ಅಮೆರಿಕಕ್ಕೆ ಹೋಗುವವರಿಗೆ ಹೇಳುವ ಮಾತಲ್ಲ. ಅಲ್ಲಿನ ಆಸ್ಪತ್ರೆ ಬಿಲ್ ಕೈಯಿಂದ ಕಟ್ಟುವಂಥದ್ದಲ್ಲ. ಕ್ಯಾನ್ಸರ್ ಇರುವವರು ವಿಮೆ ಗಟ್ಟಿ ಆಗದೆ ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದೇ ಇಲ್ಲ.

ಹೊರಡುವ ಮೊದಲು ಕ್ಯಾನ್ಸರ್ ಡಾಕ್ಟರರಿಂದ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಯಾವ ಕಾಯಿಲೆ, ಕೊನೆಯ ಕೀಮೋ ಯಾವಾಗ, ಈಗ ಯಾವ ಮದ್ದು, ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂಬ ಮಾತು, ದಿನಾಂಕ, ಸೀಲು. ವೈದ್ಯರು ಬೇಡ ಎಂದ ಮೇಲೂ ಹೊರಟವರ ಕ್ಲೇಮಿಗೆ ಹಣ ಸಿಗುವುದಿಲ್ಲ. ಚೆಕಪ್ ಹತ್ತಿರದಲ್ಲಿದ್ದರೆ ಅದು ಮುಗಿಸಿಕೊಂಡೇ ಹೋಗಲಿ. ಪಾಲಿಸಿಯ ಸಹಾಯವಾಣಿ ನಂಬರ್ ಅಮ್ಮನ ಮೊಬೈಲಿನಲ್ಲಿದ್ದರೆ ಸಾಲದು, ಅಣ್ಣ, ಅತ್ತಿಗೆ ಇಬ್ಬರ ಹತ್ತಿರವೂ ಇರಲಿ. ಆಸ್ಪತ್ರೆಗೆ ಸೇರಿಸಿದ ಕೂಡಲೇ ಫೋನ್ ಮಾಡಬೇಕು, ಬಿಲ್ ಆದ ಮೇಲೆ ಅಲ್ಲ.

ಪ್ರಶ್ನೆ: ಅಪ್ಪನಿಗೆ ನೋವಿಗೆ ಟ್ರಮಡಾಲ್ ಕೊಟ್ಟಿದ್ದಾರೆ. ದುಬೈಗೆ ಹೋಗುವಾಗ ಚೀಟಿ ಇದ್ದರೆ ಸಾಕಲ್ಲ? (ಉಪ್ಪಳ)

ಸಾಲದು. ಟ್ರಮಡಾಲ್, ಮಾರ್ಫಿನ್, ಕೊಡೀನ್ ಇವೆಲ್ಲ ಯುಎಇಯಲ್ಲಿ ನಿಯಂತ್ರಿತ ಮದ್ದುಗಳು. ಅಲ್ಲಿನ ಸರ್ಕಾರದಿಂದ ಆನ್‌ಲೈನಿನಲ್ಲಿ ಮೊದಲೇ ಅನುಮತಿ ಪಡೆಯಬೇಕು. ಚೀಟಿ, ಡಾಕ್ಟರರ ಪತ್ರ ಅರ್ಜಿಯ ಜೊತೆ ಕೊಡಲಿಕ್ಕೆ ಬೇಕು. ಅನುಮತಿ ಕೈಗೆ ಬರುವವರೆಗೆ ವಿಮಾನ ಹತ್ತಬೇಡಿ. ಇದರಲ್ಲಿ ಸಿಕ್ಕಿಬಿದ್ದರೆ ಯಾವ ವಿಮೆಯೂ ಬಿಡಿಸುವುದಿಲ್ಲ.

ಪ್ರಶ್ನೆ: ಅತ್ತೆ ಕ್ಯಾನ್ಸರಿಗೆ ಪಂಡಿತರು ಹೇಳಿದ ಮುಳ್ಳು ರಾಮಫಲದ ಎಲೆಯ ಕಷಾಯ ಕುಡಿದು ಪೂರ್ತಿ ಗುಣವಾಗಿದ್ದಾರೆ, ಮಾತ್ರೆಯನ್ನೂ ಬಿಟ್ಟಿದ್ದಾರೆ. ಈಗ ಆರೋಗ್ಯವಂತರು ಎಂದು ಬರೆಯಬಹುದಲ್ಲ? (ಪೆರ್ಲ)

ಪಾಲಿಸಿ ಅತ್ತ ಇರಲಿ. ಅವರನ್ನು ನಾಳೆಯೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ, ಮಾತ್ರೆ ಮತ್ತೆ ಶುರು ಮಾಡಿಸಿ. ಆ ಎಲೆಯಿಂದ ಮನುಷ್ಯರ ಕ್ಯಾನ್ಸರ್ ಗುಣವಾಗುತ್ತದೆ ಎನ್ನುವುದಕ್ಕೆ ಆಧಾರವೇ ಇಲ್ಲ. ಮದ್ದು ಬಿಡಿಸಿದ ಆ ಪಂಡಿತರು ನಿಮ್ಮ ಅತ್ತೆಗೆ ಮಾಡಿದ್ದು ದ್ರೋಹ.

ಪ್ರಶ್ನೆ: ರೈಲ್ವೆ ಟಿಕೆಟಿನ ಜೊತೆ 45 ಪೈಸೆಯ ವಿಮೆ ಉಂಟಲ್ಲ, ತಿರುಪತಿಗೆ ಹೋಗುವಾಗ ಅಷ್ಟು ಸಾಲದೇ? (ನೀರ್ಚಾಲು)

ಅದು ರೈಲು ಅಪಘಾತ, ರೈಲಿನಿಂದ ಬೀಳುವುದು ಇಂಥ ಅವಘಡಕ್ಕೆ ಮಾತ್ರ, ಕಾಯಿಲೆಗಲ್ಲ. ದೇಶದೊಳಗೆ ಹೋಗುವಾಗ ನಿಮ್ಮ ಮಾಮೂಲಿ ಆರೋಗ್ಯ ವಿಮೆಯ ಕಾರ್ಡ್ ಕಿಸೆಯಲ್ಲಿರಲಿ.

ಪ್ರಶ್ನೆ: ಶಾರ್ಜಾಕ್ಕೆ ತಲುಪಿದ ಮೇಲೆ ಊರಿನಿಂದ ಪಾಲಿಸಿ ಮಾಡಿಸಬಹುದಾ? (ಕುಂಬಳೆ)

ಇಲ್ಲಿನ ಕಂಪೆನಿಗಳದ್ದನ್ನು ಹೊರಡುವ ಮೊದಲೇ ಮಾಡಿಸಬೇಕು.

ಪ್ರಶ್ನೆ: ಎಲ್ಲ ಸರಿಯಾಗಿ ಬರೆದಿದ್ದೆವು. ಆದರೂ ಕ್ಲೇಮ್ ತಿರಸ್ಕರಿಸಿದರು. ಪಾಲಿಸಿ ಮಂಗಳೂರಿನದ್ದು, ನಾವು ಕೇರಳದವರು. ಯಾರ ಹತ್ತಿರ ಹೋಗುವುದು? (ಮಂಜೇಶ್ವರ)

ಎಲ್ಲ ಬರೆದಿದ್ದೀರಿ ಅಂದರೆ ನಿಮ್ಮ ಕೈ ಗಟ್ಟಿ ಉಂಟು, ಬಿಡಬೇಡಿ. ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿಯ ಹತ್ತಿರ ಹೋಗಿ. ನೀವಿರುವ ಜಾಗ ನೋಡಿದರೆ ಕೊಚ್ಚಿ ಕಚೇರಿ, ಕಂಪೆನಿಯ ಶಾಖೆ ನೋಡಿದರೆ ಬೆಂಗಳೂರು. ನಿಯಮದಲ್ಲಿ ಎರಡಕ್ಕೂ ಅವಕಾಶ ಇದೆ, ಒಂದನ್ನು ಆರಿಸಿಕೊಳ್ಳಿ. ಫೀಸು ಇಲ್ಲ, ವಕೀಲರೂ ಬೇಡ. ಆದರೆ ಒಂದು ವರ್ಷದೊಳಗೆ ಕೊಡಬೇಕು. ಭರ್ತಿ ಮಾಡಿದ ಪ್ರಪೋಸಲ್ ಫಾರ್ಮಿನ, ಅಂದರೆ ಪಾಲಿಸಿಗೆ ಕೊಟ್ಟ ಅರ್ಜಿಯ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಇವತ್ತೇ ಕಂಪೆನಿಗೆ ಇಮೇಲ್ ಮಾಡಿ ತರಿಸಿಕೊಳ್ಳಿ.