ಗೋವಾದ ನೌಕಾ ವೈಮಾನಿಕ ಸಂಗ್ರಹಾಲಯದ ಸೀ ಹಾಕ್‌ನಂತೆ ಕಡಲತೀರದ ಬಯಲಲ್ಲಿಟ್ಟ ಹಳೆಯ ಯುದ್ಧವಿಮಾನಗಳು, ಅಲ್ಯೂಮಿನಿಯಂ ಮೈಯಿದ್ದೂ ಏಕೆ ಸವೆಯುತ್ತವೆ?
ಅವುಗಳ ಮೈ ಶುದ್ಧ ಅಲ್ಯೂಮಿನಿಯಂ ಅಲ್ಲದಿರುವುದೇ ಮುಖ್ಯ ಕಾರಣ. ಬಲಕ್ಕಾಗಿ ಸಾಮಾನ್ಯವಾಗಿ ಶೇಕಡಾ 4ರಷ್ಟು ತಾಮ್ರ ಬೆರೆಸಿದ ಮಿಶ್ರಲೋಹವನ್ನು ಬಳಸುತ್ತಿದ್ದರು. ಅಲ್ಯೂಮಿನಿಯಮ್ಮನ್ನು ಕಾಯುವುದು ಅದರ ಮೇಲೆ ತಾನಾಗಿ ಮೂಡುವ ತೆಳುವಾದ ಆಕ್ಸೈಡ್ ಪದರ; ಕಡಲಗಾಳಿಯ ಉಪ್ಪು ಆ ಪದರವನ್ನು ಅಲ್ಲಲ್ಲಿ ಭೇದಿಸುತ್ತದೆ, ತೇವ ಸೇರಿದೊಡನೆ ತಾಮ್ರದ ಕಣಗಳೂ ಉಕ್ಕಿನ ಬೋಲ್ಟುಗಳೂ ಸುತ್ತಲಿನ ಅಲ್ಯೂಮಿನಿಯಮ್ಮಿನೊಡನೆ ಪುಟ್ಟ ಬ್ಯಾಟರಿಯಂತಾಗಿ, ಅಲ್ಯೂಮಿನಿಯಂ ಕರಗತೊಡಗುತ್ತದೆ. ಕಾಸರಗೋಡಿನ ಕರಾವಳಿಯ ನಮ್ಮ ಮನೆಗಳ ಅಲ್ಯೂಮಿನಿಯಂ ಕಿಟಕಿಗಳಲ್ಲಿ ಸ್ಕ್ರೂಗಳ ಸುತ್ತ ಕಾಣುವ ಬಿಳಿ ಪುಡಿಯೂ ಇದರದ್ದೇ ಫಲ. ವಿಮಾನದಲ್ಲಾದರೆ ರಿವೆಟ್ ಸಾಲಿನ ಪಕ್ಕ ಬಣ್ಣ ಗುಳ್ಳೆಯೇಳುತ್ತದೆ. ಮಳೆ ತೊಳೆಯದ ರೆಕ್ಕೆಯ ಅಡಿಭಾಗದಲ್ಲಿ ಉಪ್ಪು ಉಳಿದುಬಿಡುವುದರಿಂದ ಅಲ್ಲಿ ಹಾನಿ ಹೆಚ್ಚು. ಸಿಹಿನೀರಿನಿಂದ ಆಗಾಗ ತೊಳೆಯುವುದು ಒಳ್ಳೆಯದಾದರೂ, ಇಂಥ ಅಮೂಲ್ಯ ವಿಮಾನಗಳಿಗೆ ಗೋಡೆ, ಮಾಡು ಎರಡೂ ಇರುವ ಒಣ ಹ್ಯಾಂಗರ್ ಅಗತ್ಯವೆಂದೇ ನನ್ನ ದೃಢ ಅಭಿಪ್ರಾಯ.