ಬೀಗ ಹಾಕಿದ ಕೈ ಬರೆಯುತ್ತಿದೆ

ಈಚೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. ಆನ್‌ಲೈನ್ ಜೂಜಿಗೆಂದು ತೆರೆದ ಇ-ವಾಲೆಟ್ (ಬ್ಯಾಂಕಿಗೂ ಜೂಜಿನ ತಾಣಕ್ಕೂ ನಡುವೆ ಹಣ ದಾಟಿಸುವ ಖಾತೆ) ಸ್ಥಗಿತವಾಗಿದೆ, ಹಣ ಒಳಗಿದೆ, ಏನು ಮಾಡಲಿ? ಉತ್ತರಿಸುವ ಮುನ್ನ ಒಂದು ತಪ್ಪೊಪ್ಪಿಗೆ. ನಾನು ಒಂಬತ್ತು ವರ್ಷ ಅಂಥದೊಂದು ಕಂಪನಿಯ ಪರಿಶೀಲನಾ ವಿಭಾಗದಲ್ಲಿ ದುಡಿದವನು. ಖಾತೆಗೆ ಬೀಗ ಹಾಕುವ ಗುಂಡಿ ನನ್ನ ಪರದೆಯ ಬಲ ಮೂಲೆಯಲ್ಲಿತ್ತು. ಎಷ್ಟು ಸಲ ಒತ್ತಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಹೀಗಾಗಿ ಆ ಕಂಪನಿಗಳ ಮೇಲೆ ನಿಮಗಿರುವಷ್ಟು ಕೋಪ ನನಗಿಲ್ಲ. ಹಣ ತುಂಬುವಾಗ ನಿಮಗಿದ್ದಷ್ಟು ನಂಬಿಕೆಯೂ ಇಲ್ಲ.

ಪ್ರಶ್ನೆ: ಆರು ತಿಂಗಳು ಸೋಲುತ್ತ ಹಣ ತುಂಬುತ್ತಿದ್ದಾಗ ಯಾರೂ ಏನೂ ಕೇಳಲಿಲ್ಲ. ಮೊದಲ ಬಾರಿ ದೊಡ್ಡ ಮೊತ್ತ ಗೆದ್ದು ವಾಲೆಟ್‌ಗೆ ತರಿಸಿಕೊಂಡ ಮರುದಿನವೇ ಖಾತೆ ಬಂದ್. ಪಾಸ್‌ಪೋರ್ಟ್, ವಿಳಾಸದ ದಾಖಲೆ, ಹಣದ ಮೂಲ ಎಲ್ಲವನ್ನೂ ಕೇಳುತ್ತಿದ್ದಾರೆ. ಕಾರಣ ಕೇಳಿದರೆ ‘ಭದ್ರತಾ ಪರಿಶೀಲನೆ’ ಎಂಬ ಒಂದೇ ಮಾತು. ಗೆದ್ದವರ ಹಣ ನುಂಗುವ ಉಪಾಯವಲ್ಲವೇ ಇದು?

ಉತ್ತರ: ನೀವು ಗೆದ್ದದ್ದು ಜೂಜಿನ ತಾಣದ ಹಣವನ್ನು, ವಾಲೆಟ್ ಕಂಪನಿಯದನ್ನಲ್ಲ. ನೀವು ಸೋತರೂ ಗೆದ್ದರೂ ವಾಲೆಟ್‌ನವರಿಗೆ ದಾರಿಸುಂಕ ಸಿಗುತ್ತದೆ. ಹಾಗಾಗಿ ನುಂಗುವ ಉದ್ದೇಶವೆಂದು ನನಗೆ ಅನಿಸುವುದಿಲ್ಲ. ಆದರೆ ನಿಮ್ಮ ಆಕ್ಷೇಪದ ಮೊದಲರ್ಧ ನ್ಯಾಯವಾದದ್ದೇ. ಹಣ ಒಳಗೆ ಬರುವಾಗ ಹೆಬ್ಬಾಗಿಲು ತೆರೆದಿಟ್ಟು, ಹೊರಗೆ ಹೋಗುವಾಗ ಕಾವಲುಗಾರನನ್ನು ನಿಲ್ಲಿಸುವುದು ಈ ವ್ಯವಹಾರದ ರೂಢಿ. ಖಾತೆ ತೆರೆದ ದಿನವೇ ಎಲ್ಲ ದಾಖಲೆ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದಕ್ಕಾಗಿ ತಪಾಸಣೆಯನ್ನು ಒಂದು ಮೊತ್ತ ದಾಟುವವರೆಗೆ ಮುಂದೂಡುತ್ತಾರೆ. ನೀವು ಗೆದ್ದ ದಿನ ಆ ಗೆರೆ ದಾಟಿದಿರಿ.

ಯಂತ್ರಕ್ಕೆ ಕಂಡದ್ದೇನು? ಸಣ್ಣ ಸಣ್ಣ ಮೊತ್ತ ಓಡಾಡುತ್ತಿದ್ದ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬಂತು, ಗಂಟೆಯೊಳಗೆ ಹೊರಡಲು ಅಣಿಯಾಯಿತು. ಅದೃಷ್ಟ ಖುಲಾಯಿಸಿದವನ ಖಾತೆಯೂ ಹೀಗೆಯೇ ಕಾಣುತ್ತದೆ, ಕಪ್ಪು ಹಣ ಸಾಗಿಸುವವನ ಬಾಡಿಗೆ ಖಾತೆಯೂ ಹೀಗೆಯೇ ಕಾಣುತ್ತದೆ. ಹಣ ಅಕ್ರಮ ವರ್ಗಾವಣೆ ತಡೆಗೆ ಎಫ್‌ಎಟಿಎಫ್ ಎಂಬ ಅಂತರ ಸರ್ಕಾರಿ ಸಂಸ್ಥೆ 40 ಶಿಫಾರಸುಗಳನ್ನು ಮಾಡಿದೆ. ಹೆಚ್ಚಿನ ದೇಶಗಳ ಕಾನೂನು ಅವುಗಳನ್ನೇ ಅನುಸರಿಸುತ್ತದೆ. ಗ್ರಾಹಕನ ದಾಖಲೆಗಳನ್ನು ಕನಿಷ್ಠ 5 ವರ್ಷ ಇಡಬೇಕು. ಅನುಮಾನ ಬಂದರೆ ಸರ್ಕಾರಕ್ಕೆ ವರದಿ ಮಾಡಬೇಕು. ವರದಿ ಮಾಡಿದ್ದನ್ನು ಗ್ರಾಹಕನಿಗೆ ಹೇಳಕೂಡದು. ಈ ಕೊನೆಯದನ್ನು ಗಮನಿಸಿ. ನಿಮ್ಮ ಚಾಟ್‌ಗೆ ಉತ್ತರಿಸಿದ ಹುಡುಗ ಗಿಳಿಪಾಠ ಒಪ್ಪಿಸಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಇನ್ನೊಂದು ಕಾರಣ ಇಷ್ಟು ಗಂಭೀರವಾದದ್ದಲ್ಲ: ಅವನಿಗೇ ಗೊತ್ತಿರುವುದಿಲ್ಲ. ನಮ್ಮಲ್ಲಿ ಚಾಟ್ ವಿಭಾಗದವರ ಪರದೆಯಲ್ಲಿ ಒಂದು ಕೆಂಪು ಬಾವುಟ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಈಗ ನೀವು ಮಾಡಬೇಕಾದದ್ದು. ಕೇಳಿದ ಎಲ್ಲವನ್ನೂ ಒಂದೇ ಉತ್ತರದಲ್ಲಿ ಕಳಿಸಿ, ಆಮೇಲೆ ಸುಮ್ಮನಿರಿ. ನಾನಿದ್ದಲ್ಲಿ ಗ್ರಾಹಕ ಹೊಸ ಸಂದೇಶ ಕಳಿಸಿದಾಗಲೆಲ್ಲ ಅವನ ಕಡತ ಸಾಲಿನ ಕೊನೆಗೆ ಹೋಗುತ್ತಿತ್ತು. ದಿನಕ್ಕೆ ಮೂರು ಸಲ ‘ಏನಾಯಿತು?’ ಎಂದು ಬರೆಯುತ್ತಿದ್ದವರು ತಮ್ಮ ಸರದಿಯನ್ನು ತಾವೇ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದರು. ಪಾಪ, ಅದು ಅವರಿಗೆ ತಿಳಿಯುವಂತೆಯೂ ಇರಲಿಲ್ಲ.

ಪಾಸ್‌ಪೋರ್ಟ್‌ನ ಚಿತ್ರ ತೆಗೆಯುವಾಗ ಹೆಬ್ಬೆರಳು ಎಲ್ಲಿದೆ ನೋಡಿಕೊಳ್ಳಿ. ಪುಟದ ಕೆಳಗಿನ ಎರಡು ಸಾಲುಗಳನ್ನು ಯಂತ್ರ ಓದುತ್ತದೆ. ಜನ ಹಿಡಿದುಕೊಳ್ಳುವುದು ಸರಿಯಾಗಿ ಅಲ್ಲಿಯೇ. ವಿಳಾಸಕ್ಕೆಂದು ಕಳಿಸುವ ಬಿಲ್ಲನ್ನು ಹೂವಿನ ಹೊದಿಕೆಯ ಮೇಲಿಟ್ಟು ಚಿತ್ರ ತೆಗೆದರೂ ನಡೆಯುತ್ತದೆ, ನಾಲ್ಕೂ ಮೂಲೆ ಕಾಣಬೇಕು. ವಿಳಾಸದ ದಾಖಲೆ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಬಿಡಿಸಿದ ಪೂರ್ತಿ ಹೆಸರು ಇದ್ದರೆ ಅದನ್ನು ನೀವೇ ಮೊದಲು ಬರೆದು ತಿಳಿಸಿ. ‘ಹಣದ ಮೂಲ’ ಎಂದರೆ ಎರಡು ಕಾಗದ: ಜೂಜಿನ ತಾಣದ ವಹಿವಾಟು ಪಟ್ಟಿ, ಬಾಜಿ ಕಟ್ಟಿದ್ದೂ ಗೆದ್ದದ್ದೂ ಅದರಲ್ಲಿ ಕಾಣಬೇಕು; ಮತ್ತು ನೀವು ತುಂಬಿದ ಹಣ ಸಂಬಳದ್ದೋ ಉಳಿತಾಯದ್ದೋ ಎಂದು ತೋರಿಸುವ ಬ್ಯಾಂಕ್ ಪಟ್ಟಿ.

ಒಂದು ಪ್ರಕರಣ ಈಗಲೂ ನೆನಪಿಗೆ ಬರುತ್ತದೆ. ಒಬ್ಬಾತನ ಬಿಲ್ ಅಸಲಿ, ಹೆಸರು ಸರಿ, ವಿಳಾಸ ಸರಿ, ತಿಂಗಳು ಮಾತ್ರ ಹಳೆಯದಾಗಿತ್ತು. ಅವನು ಹೊಸ ಬಿಲ್ ಹುಡುಕುವ ಬದಲು ಹಳೆಯದರಲ್ಲೇ ತಿಂಗಳನ್ನು ತಿದ್ದಿದ. ತಿದ್ದಿದ ಅಂಕಿ ಉಳಿದವುಗಳಿಗಿಂತ ಕೂದಲೆಳೆಯಷ್ಟು ದಪ್ಪ. ಎರಡು ದಿನದಲ್ಲಿ ತೆರೆಯಬಹುದಾಗಿದ್ದ ಖಾತೆ ಶಾಶ್ವತವಾಗಿ ಮುಚ್ಚಿತು. ಗುಂಡಿ ಒತ್ತಿದ್ದು ನಾನೇ.

ಪ್ರಶ್ನೆ: ಒಂದು ವಾಲೆಟ್ ನಿರ್ಬಂಧಿಸಿದರೆ ತಮ್ಮನ ಹೆಸರಿನಲ್ಲಿ ಇನ್ನೊಂದು ತೆರೆದು, ಎಲ್ಲಿಂದ ಬಳಸುತ್ತಿದ್ದೇವೆಂಬುದನ್ನು ಮರೆಮಾಚುವ ವಿಪಿಎನ್ ಹಾಕಿಕೊಂಡು ಬಳಸಬಹುದೇ? ಅಥವಾ ಸ್ಕ್ರಿಲ್ ಎಂಬ ವಾಲೆಟ್ ಬಿಟ್ಟು ಇನ್ನೊಂದು ವಾಲೆಟ್ ಆದ ನೆಟೆಲ್ಲರ್‌ಗೆ ಹೋದರೆ ಹೇಗೆ?

ಉತ್ತರ: ತಮ್ಮನ ಹೆಸರನ್ನು ಬಿಟ್ಟುಬಿಡಿ, ನಿಮ್ಮದೇ ಮೊಬೈಲ್‌ನಿಂದ ತೆರೆದ ಎರಡನೆಯ ಖಾತೆ ಮೊದಲನೆಯದರ ಪಕ್ಕದಲ್ಲೇ ಪರದೆಯ ಮೇಲೆ ಬಂದು ನಿಲ್ಲುತ್ತದೆ. ವಿಪಿಎನ್ ಹಾಕಿದರೆ ಅನುಮಾನಕ್ಕೆ ಇನ್ನೊಂದು ಕಾರಣ ಕೊಟ್ಟಂತೆ. ಇನ್ನು ಎರಡನೆಯ ಪ್ರಶ್ನೆ: ನೆಟೆಲ್ಲರ್‌ನ ಮಾಲೀಕ ಕಂಪನಿ 2015ರಲ್ಲಿ ಸ್ಕ್ರಿಲ್ ಅನ್ನು ಕೊಂಡು, ಅದೇ ವರ್ಷ ಪೇಸೇಫ್ ಎಂದು ಹೆಸರು ಬದಲಿಸಿಕೊಂಡಿತು. ಒಂದೇ ಮನೆಯ ಎರಡು ಬಾಗಿಲುಗಳಿವು. ನಿಮ್ಮ ದೇಶದಲ್ಲಿ ಈ ಆಟವೇ ನಿಷಿದ್ಧವಾಗಿದ್ದರೆ ಯಾವ ಬಾಗಿಲಿನಿಂದ ಹೋದರೂ ಕಾನೂನು ಎದುರಿಗೇ ನಿಂತಿರುತ್ತದೆ.

ಪ್ರಶ್ನೆ: ಕಾರ್ಡ್‌ನಿಂದ ವಾಲೆಟ್‌ಗೆ, ಅಲ್ಲಿಂದ ಜೂಜಿನ ತಾಣಕ್ಕೆ ಹಣ ಹಾಕಿ ಒಂದೇ ಒಂದು ಬಾಜಿ ಕಟ್ಟಿದೆ. ಪಂದ್ಯ ರದ್ದಾಗಿ ಬಾಜಿಯ ಹಣ ಪೂರ್ತಿ ವಾಪಸ್ ಬಂತು. ಅದನ್ನು ಬ್ಯಾಂಕಿಗೆ ತರಿಸಿಕೊಂಡರೆ ನೂರಕ್ಕೆ 83 ಚಿಲ್ಲರೆ ಮಾತ್ರ! ‘ಹಣ ತುಂಬಲು ಶುಲ್ಕವಿಲ್ಲ’ ಎಂದು ಜಾಹೀರಾತಿನಲ್ಲಿತ್ತು. ಉಳಿದದ್ದು ಎಲ್ಲಿ ಹೋಯಿತು?

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ, ಕ್ಷಮಿಸಿ. ಇಷ್ಟು ಸ್ವಚ್ಛವಾದ ಪ್ರಯೋಗವನ್ನು ನಾನೂ ಮಾಡಿರಲಿಲ್ಲ. ಸೋಲು ಗೆಲುವು ಎರಡೂ ಇಲ್ಲದ್ದರಿಂದ ಶುಲ್ಕ ಮಾತ್ರ ಬೆತ್ತಲೆಯಾಗಿ ಉಳಿದಿದೆ.

ನಿಮ್ಮ ಕಾರ್ಡ್ ನಿಮ್ಮ ದೇಶದ ಹಣದ್ದು, ವಾಲೆಟ್ ಯೂರೋದಲ್ಲಿ, ಜೂಜಿನ ತಾಣ ಡಾಲರ್‌ನಲ್ಲಿ ಎಂದು ಬರೆದಿದ್ದೀರಿ. ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ ಹಣ ವೇಷ ಬದಲಿಸಿತು. ಒಂದೊಂದು ಬದಲಾವಣೆಗೆ ಸುಮಾರು ಶೇ. 4 ಹಿಡಿಯಿರಿ; ದೊಡ್ಡ ವಾಲೆಟ್‌ಗಳು ವಿನಿಮಯ ದರಕ್ಕೆ ಸೇರಿಸುವುದು ಅದರ ಆಸುಪಾಸಿನಲ್ಲೇ ಇರುತ್ತದೆ. ನೂರು 96 ಆಯಿತು, ಆಮೇಲೆ 92.16, ಆಮೇಲೆ 88.47, ಕೊನೆಗೆ 84.93. ಹೊರತೆಗೆಯುವ ಶುಲ್ಕ ಅದರ ಮೇಲೆ. ನಿಮ್ಮ 83 ಚಿಲ್ಲರೆಗೆ ಲೆಕ್ಕ ಕೂಡಿತಲ್ಲ? ಇದನ್ನು ಅವರು ಶುಲ್ಕವೆಂದು ಕರೆಯುವುದಿಲ್ಲ, ‘ದರ’ ಎನ್ನುತ್ತಾರೆ. ಹಾಗಾಗಿ ಜಾಹೀರಾತು ಸುಳ್ಳಾಡಲಿಲ್ಲ, ನಿಜವನ್ನೂ ಹೇಳಲಿಲ್ಲ.

ವಾಲೆಟ್‌ನ ಹಣವನ್ನು ಯಾವ ನಾಣ್ಯದಲ್ಲಿಡಬೇಕೆಂದು ಖಾತೆ ತೆರೆಯುವ ಮೊದಲ ಪುಟದಲ್ಲೇ ಕೇಳುತ್ತಾರೆ. ಎಲ್ಲರೂ ಅಲ್ಲಿ ಮೊದಲೇ ತುಂಬಿರುವುದನ್ನು ಒಪ್ಪಿ ಮುಂದೆ ಹೋಗುತ್ತಾರೆ. ಒಮ್ಮೆ ವಹಿವಾಟು ನಡೆದ ಮೇಲೆ ಅದನ್ನು ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಅದು ಜೂಜಿನ ತಾಣದ ನಾಣ್ಯವೋ ನಿಮ್ಮ ಬ್ಯಾಂಕಿನ ನಾಣ್ಯವೋ ಆಗಿದ್ದರೆ ನಾಲ್ಕು ಬದಲಾವಣೆ ಎರಡಕ್ಕೆ ಇಳಿಯುತ್ತಿತ್ತು, ಕೈಗೆ 92 ಬರುತ್ತಿತ್ತು.

ಕ್ರೆಡಿಟ್ ಕಾರ್ಡ್ ಬಳಸಿದ್ದರೆ ಅದರ ಬಿಲ್ಲನ್ನೂ ತೆರೆದು ನೋಡಿ. ಕಾರ್ಡ್ ಜಾಲದಲ್ಲಿ ಪ್ರತಿ ವ್ಯಾಪಾರಕ್ಕೂ ನಾಲ್ಕು ಅಂಕಿಯ ಸಂಕೇತವಿದೆ, ಜೂಜಿಗೆ 7995. ಇದನ್ನು ಕಂಡರೆ ಹಲವು ಬ್ಯಾಂಕುಗಳು ಖರೀದಿ ಎಂದು ಬರೆದುಕೊಳ್ಳುವುದಿಲ್ಲ, ನಗದು ಸಾಲ ಎಂದು ಬರೆದುಕೊಳ್ಳುತ್ತವೆ. ವಾಲೆಟ್‌ಗೆ ಹಣ ತುಂಬಿದ್ದನ್ನೂ ನಗದಿಗೆ ಸಮಾನವೆಂದು ಎಣಿಸುವ ಬ್ಯಾಂಕುಗಳಿವೆ. ನಗದು ಸಾಲಕ್ಕೆ ಬೇರೆ ಶುಲ್ಕ, ಬಡ್ಡಿಯೂ ಅದೇ ದಿನದಿಂದ. ಬ್ರಿಟನ್ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಜೂಜಾಡುವುದನ್ನೇ ನಿಷೇಧಿಸಿದೆ. ವಾಲೆಟ್ ಮೂಲಕ ಸುತ್ತುಬಳಸಿ ಬರುವುದಕ್ಕೂ ಅಲ್ಲಿ ಅವಕಾಶವಿಲ್ಲ.

ಪ್ರಶ್ನೆ: ಜೂಜು ಬಿಟ್ಟು ಒಂದೂವರೆ ವರ್ಷವಾಯಿತು. ವಾಲೆಟ್‌ನಲ್ಲಿ 63 ಯೂರೋ ಬಿಟ್ಟಿದ್ದೆ. ಈಗ ನೋಡಿದರೆ 3 ಯೂರೋ ಇದೆ. ಕಳ್ಳತನವೇ?

ಉತ್ತರ: ನೀವು ‘ಒಪ್ಪುತ್ತೇನೆ’ ಎಂದು ಗುರುತು ಹಾಕಿದ ಷರತ್ತಿನಲ್ಲಿಯೇ ಇದ್ದ ಕಳ್ಳತನ. ಆರು ತಿಂಗಳೋ ವರ್ಷವೋ ಬಳಸದಿದ್ದರೆ ತಿಂಗಳಿಗಿಷ್ಟೆಂದು ಕಡಿಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ಹನ್ನೆರಡು ಸಲ ಐದೈದು ಯೂರೋ ಹೋಗಿದೆ. ಹಣ ಮುಗಿದ ಮೇಲೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ ಎಳೆಯುವುದಿಲ್ಲ, ಅಷ್ಟು ದಯೆಯಿದೆ. ಈ ಕಡಿತ ತಪ್ಪಿಸಲು ಕೆಲವೆಡೆ ಸುಮ್ಮನೆ ಲಾಗಿನ್ ಆದರೆ ಸಾಕು, ಕೆಲವೆಡೆ ಹಣ ಓಡಾಡಬೇಕು. ಕಡಿದದ್ದು ಈಚಿನದಾದರೆ ವಿನಯದಿಂದ ಕೇಳಿ ನೋಡಿ. ಒಂದೆರಡು ತಿಂಗಳದ್ದನ್ನು ಮರಳಿಸುವ ಅಧಿಕಾರ ನಮ್ಮ ಮೇಲ್ವಿಚಾರಕರಿಗಿತ್ತು. ಅಂದಹಾಗೆ, ಕೆಲಸ ಬಿಟ್ಟ ಮೇಲೆ ಮರೆತುಹೋದ ನನ್ನದೇ ವಾಲೆಟ್‌ನಲ್ಲೂ ಇದೇ ಗತಿಯಾಯಿತು. ಆ ಷರತ್ತನ್ನು ಗ್ರಾಹಕರಿಗೆ ನೂರಾರು ಸಲ ಓದಿ ಹೇಳಿದ್ದವನು ನಾನು.

ಪ್ರಶ್ನೆ: ಸ್ಥಗಿತವಾದ ಖಾತೆಯಿಂದ ಹಣ ತೆಗೆಸಿಕೊಡುತ್ತೇನೆ, ಶೇ. 10 ಕಮಿಷನ್ ಮುಂಗಡ ಕೊಡಿ ಎಂದು ಟೆಲಿಗ್ರಾಂನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಬೇಡ. ಒಳಗೆ ಕುಳಿತಿದ್ದ ನನಗೂ ಮೇಲಿನವರ ಒಪ್ಪಿಗೆಯಿಲ್ಲದೆ ತೆರೆಯಲು ಬರುತ್ತಿರಲಿಲ್ಲ.

ಪ್ರಶ್ನೆ: ವಾಲೆಟ್ ಕಂಪನಿಯೇ ಮುಳುಗಿದರೆ? ಗೆದ್ದ ಹಣವನ್ನು ಜೂಜಿನ ತಾಣದಲ್ಲಿ ಇಡುವುದು ಮೇಲೋ, ವಾಲೆಟ್‌ನಲ್ಲೋ?

ಉತ್ತರ: ಇಬ್ಬರಲ್ಲೂ ಬೇಡ. ಆರಿಸಲೇಬೇಕೆಂದರೆ ವಾಲೆಟ್. ಎರಡು ಹಳೆಯ ಕಥೆಗಳನ್ನು ಪಕ್ಕಪಕ್ಕ ಇಡುತ್ತೇನೆ. 2006ರ ಅಕ್ಟೋಬರ್‌ನಲ್ಲಿ ಅಮೆರಿಕ ಆನ್‌ಲೈನ್ ಜೂಜಿನ ಪಾವತಿಗಳ ವಿರುದ್ಧ ಕಾನೂನು ಮಾಡಿತು. 2007ರ ಜನವರಿಯಲ್ಲಿ ನೆಟೆಲ್ಲರ್‌ನ ಇಬ್ಬರು ಸ್ಥಾಪಕರು ಬಂಧಿತರಾದರು, ಅಮೆರಿಕದ ಗ್ರಾಹಕರ ಹಣ ಸಿಕ್ಕಿಬಿತ್ತು. ಕಂಪನಿ 13.6 ಕೋಟಿ ಡಾಲರ್ ದಂಡ ತೆರಲು ಒಪ್ಪಿ, ಜುಲೈ ಕೊನೆಗೆ ಗ್ರಾಹಕರಿಗೆ ಹಣ ಮರಳಿಸತೊಡಗಿತು. ಆರು ತಿಂಗಳ ಮೇಲಾದರೂ ಹಣ ಇತ್ತು. ಇನ್ನೊಂದು ಫುಲ್ ಟಿಲ್ಟ್ ಪೋಕರ್, ಇದು ಜೂಜಿನ ತಾಣ. 2011ರ ಏಪ್ರಿಲ್ 15ರಂದು ಅಮೆರಿಕ ಇದಕ್ಕೆ ಬಾಗಿಲು ಹಾಕಿಸಿದಾಗ ತಿಳಿದದ್ದೇನೆಂದರೆ ಆಟಗಾರರ ಹಣವನ್ನು ಪ್ರತ್ಯೇಕವಾಗಿ ಇಟ್ಟೇ ಇರಲಿಲ್ಲ. ಅಮೆರಿಕದ ಆಟಗಾರರಿಗೆ ಹಣ ಬರಲು ಶುರುವಾದದ್ದು 2014ರ ಫೆಬ್ರವರಿಯಲ್ಲಿ.

ಯುರೋಪಿನ ನಿಯಮದಂತೆ ವಾಲೆಟ್ ಕಂಪನಿ ಗ್ರಾಹಕರ ಹಣವನ್ನು ತನ್ನ ಹಣದಿಂದ ಬೇರೆಯಾಗಿ ಕಾಪಾಡಬೇಕು. ಆದರೆ ಅದು ಬ್ಯಾಂಕ್ ಠೇವಣಿಯಲ್ಲ. ಬಡ್ಡಿ ಇಲ್ಲ, ಠೇವಣಿ ವಿಮೆಯ ರಕ್ಷಣೆಯೂ ಇಲ್ಲ. ಹಾಗಾಗಿ ಗೆದ್ದ ದಿನವೇ ಬ್ಯಾಂಕಿಗೆ ದಾಟಿಸಿ. ವಾರಕ್ಕೊಮ್ಮೆ ಚೂರುಚೂರು ತೆಗೆದರೆ ಪ್ರತಿ ಸಲವೂ ಶುಲ್ಕ ಬೀಳುತ್ತದೆ.

ಪ್ರಶ್ನೆ: ಮದುವೆಯಾದ ಹೊಸದರಲ್ಲಿ ಯಜಮಾನರು ನನ್ನ ಗುರುತಿನ ಚೀಟಿ ಪಡೆದು ಏನೋ ಖಾತೆ ತೆರೆದಿದ್ದರು. ಅದು ಜೂಜಿನ ವಾಲೆಟ್ ಎಂದು ತಿಳಿದದ್ದು ಮೊನ್ನೆ, ‘ನಿಮ್ಮ ಖಾತೆಯಲ್ಲಿ ಬಾಕಿಯಿದೆ’ ಎಂದು ನನ್ನ ಹೆಸರಿಗೆ ಇ-ಮೇಲ್ ಬಂದಾಗ. ನಾನು ಒಂದು ದಿನವೂ ಆಡಿದವಳಲ್ಲ. ಬ್ಯಾಂಕಿಗೆ ಹೇಳಿ ಹಣ ವಾಪಸ್ ಕೇಳಲೇ?

ಉತ್ತರ: ಆತುರ ಬೇಡ ತಾಯಿ. ಬಹುಶಃ ಅವರು ಕಾರ್ಡ್‌ನಿಂದ ತುಂಬಿದ್ದನ್ನು ‘ನಾನು ಮಾಡಿದ್ದಲ್ಲ’ ಎಂದು ಬ್ಯಾಂಕಿಗೆ ಹೇಳಿ ಹಿಂಪಡೆದಿದ್ದಾರೆ. ಚಾರ್ಜ್‌ಬ್ಯಾಕ್ ಎನ್ನುವುದು ಇದನ್ನೇ. ಆಡಿ ಕಳೆದ ಹಣವನ್ನು ಬ್ಯಾಂಕ್ ಕಿತ್ತುಕೊಂಡಾಗ ವಾಲೆಟ್ ಖಾತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ದಾಖಲೆಯಲ್ಲಿ ಸಾಲಗಾರ್ತಿ ನೀವು. ನೀವೂ ಈಗ ಬ್ಯಾಂಕಿಗೆ ಹೋಗಿ ಅದನ್ನೇ ಮಾಡಿದರೆ ಬಾಕಿ ಇಮ್ಮಡಿಯಾದೀತು.

ಕಂಪನಿಯ ದೂರು ವಿಭಾಗಕ್ಕೆ ನಿಮ್ಮ ಮಾತಿನಲ್ಲೇ ಬರೆಯಿರಿ: ಖಾತೆ ನನ್ನ ಹೆಸರಿನಲ್ಲಿದೆ, ಬಳಸಿದ್ದು ನಾನಲ್ಲ, ಮುಚ್ಚಿರಿ, ಪೂರ್ತಿ ವಹಿವಾಟು ಪಟ್ಟಿ ಕಳಿಸಿರಿ. ಯಾರು ಬಳಸಿದ್ದೆಂದು ಮರುಪ್ರಶ್ನೆ ಬಂದೇ ಬರುತ್ತದೆ. ಉತ್ತರ ಬರೆದರೆ ಅದು ಯಜಮಾನರ ವಿರುದ್ಧದ ಹೇಳಿಕೆಯಾಗುತ್ತದೆ. ಅದನ್ನು ಒಬ್ಬ ವಕೀಲರಿಗೆ ತೋರಿಸಿಯೇ ಕಳಿಸಿ. ನಿಮ್ಮ ಬ್ಯಾಂಕ್‌ನಲ್ಲಿ ಜೂಜಿನ ಪಾವತಿ ತಡೆಯುವ ಸೌಲಭ್ಯವಿದ್ದರೂ ಅದನ್ನೊಂದನ್ನೇ ನಂಬಬೇಡಿ. ಅದು ನೋಡುವುದು ಆಗ ಹೇಳಿದ 7995 ಎಂಬ ಸಂಕೇತವನ್ನು. ವಾಲೆಟ್‌ಗೆ ಹೋಗುವ ಹಣದ ಮೇಲೆ ಬೇರೆ ಸಂಕೇತ ಇರಬಹುದು, ತಡೆ ಅದನ್ನು ಕಾಣದೆ ಬಿಟ್ಟುಬಿಡುತ್ತದೆ. ವಾಲೆಟ್‌ಗೆ ಜೋಡಿಸಿರುವ ಕಾರ್ಡ್ ನಿಮ್ಮದಾದರೆ ಅದನ್ನು ರದ್ದು ಮಾಡಿಸಿ ಹೊಸದನ್ನು ಪಡೆಯಿರಿ.

ಇದೆಲ್ಲಕ್ಕಿಂತ ಮೊದಲು, ಇವತ್ತೇ, ಗುಪ್ತಪದ ಬದಲಿಸಿ. ಮೊದಲು ಇ-ಮೇಲ್‌ನದು, ಆಮೇಲೆ ವಾಲೆಟ್‌ನದು. ಕ್ರಮ ತಪ್ಪಬೇಡಿ, ವಾಲೆಟ್‌ನ ಹೊಸ ಗುಪ್ತಪದಕ್ಕೆ ಕೊಂಡಿ ಬರುವುದು ಅದೇ ಇ-ಮೇಲ್‌ಗೆ, ಅದು ಈಗ ಇಬ್ಬರ ಮೊಬೈಲ್‌ನಲ್ಲೂ ತೆರೆದಿದೆ ಎಂದು ನೀವೇ ಬರೆದಿದ್ದೀರಿ.