ನಿಷೇಧಾಜ್ಞೆ ಹಾಕಿದರೆ ಶಾಂತಿಯುತ ಪ್ರತಿಭಟನೆಯ ಹಕ್ಕು ಪೂರ್ತಿ ಹೋಗುತ್ತದೆಯೇ?

ಇಲ್ಲ. ಆಯುಧವಿಲ್ಲದೆ ಶಾಂತಿಯಿಂದ ಸೇರುವುದು ಸಂವಿಧಾನದ 19(1)(ಬಿ) ವಿಧಿ ಕೊಟ್ಟ ಹಕ್ಕು. ಸಾರ್ವಜನಿಕ ಸುವ್ಯವಸ್ಥೆಗಾಗಿ ಅದಕ್ಕೆ 'ಸಮಂಜಸ' ನಿರ್ಬಂಧ ಹಾಕಬಹುದು, ಅಷ್ಟೇ. ನಿಷೇಧಾಜ್ಞೆ ಹಾಕಲು ಬಳಸುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಹಳೆಯ 144ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ.

ಆದೇಶ ಕೈಗೆ ಸಿಕ್ಕರೆ ಮೊದಲು ಕಾರಣಗಳನ್ನು ಓದಿ. 'ಅಹಿತಕರ ಘಟನೆ ನಡೆಯುವ ಸಂಭವ' ಎಂದಷ್ಟೇ ಬರೆದಿದ್ದರೆ ಅದು ದುರ್ಬಲ ಆದೇಶ. ತುರ್ತು ಏನು, ಆಧಾರವೇನು, ಇಷ್ಟು ಜಾಗ ಮತ್ತು ಇಷ್ಟು ದಿನ ಏಕೆ, ಇದಕ್ಕಿಂತ ಹಗುರ ಕ್ರಮ ಸಾಲದೇ ಎಂಬುದಕ್ಕೆ ಅದರಲ್ಲೇ ಉತ್ತರ ಇರಬೇಕು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದ ಆದೇಶ ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು. ದುಃಖವೆಂದರೆ, ಆ ಹೊತ್ತಿಗೆ ಆದೇಶದ ಅವಧಿ ಮುಗಿದು ವಾರಗಳೇ ಕಳೆದಿದ್ದವು.

ಹಾಗಾಗಿ ತಡಮಾಡಬೇಡಿ. ಆದೇಶ ರದ್ದುಮಾಡಿ ಅಥವಾ ಬದಲಿಸಿ ಎಂದು ಅದನ್ನು ಹೊರಡಿಸಿದ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಕೊಡಬಹುದು. ತಿರಸ್ಕರಿಸಿದರೆ ಅವರು ಕಾರಣವನ್ನು ಲಿಖಿತವಾಗಿ ಕೊಡಲೇಬೇಕು. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಕೂಡ ಹಾಕಬಹುದು. ಮ್ಯಾಜಿಸ್ಟ್ರೇಟರ ಆದೇಶಕ್ಕೆ ಎರಡು ತಿಂಗಳ ಮಿತಿ. ಅದರಾಚೆ ಗರಿಷ್ಠ ಆರು ತಿಂಗಳು ವಿಸ್ತರಿಸುವ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ ಮಾತ್ರ.